ಇಪ್ಪತ್ತಾರಕ್ಕೆ ಇಳಿದ ಇಟ್ಟಿಗೆ

ಸಂಕ್ರಾಂತಿ ಮುಗಿಸಿಕೊಂಡು ಮೈಸೂರಿಗೆ, ಮಗಳ ಮನೆಗೆ ಬಂದೆವು. ಮೊಮ್ಮಕ್ಕಳಿಬ್ಬರೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಪಾಠ. ದೊಡ್ಡವಳಿಗೆ 15, ಚಿಕ್ಕವನಿಗೆ 13. ಈಗ ನಡೆಯುತ್ತಿರುವುದು ಪ್ರಾಚೀನ ನಾಗರಿಕತೆಗಳು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇದನ್ನೇ ಕಲಿಸಿದವನು. ಸಿಂಧೂ ಬಯಲಿಗೆ ನಾಲ್ಕು ಪೀರಿಯಡ್ಡು, ಈಜಿಪ್ಟು ಮೆಸಪಟೋಮಿಯಾ ಎರಡಕ್ಕೂ ಸೇರಿ ಮೂರು. ಇಲ್ಲಿ ಬರೀ ಇಟ್ಟಿಗೆಗೇ ಎರಡು ವಾರವಂತೆ. ಒಂದು ಇಟ್ಟಿಗೆಯಲ್ಲಿ ಎರಡು ವಾರ ಕಲಿಯುವಂಥದ್ದು ಏನಿದೆ ಎಂದು ತಿಳಿಯಲಿಲ್ಲ. ತಿಳಿಯದ್ದನ್ನು ಬರೆದಿಟ್ಟುಕೊಳ್ಳುವುದಕ್ಕೆ ಈ ನೋಟ್‌ಬುಕ್.

*

ಬುಧವಾರ. ಹರಪ್ಪದ ಕಾಲದ ಮನೆಗಳ ಇಟ್ಟಿಗೆ ಸಾಮಾನ್ಯವಾಗಿ 7 ಸೆಂಟಿಮೀಟರ್ ದಪ್ಪ, 14 ಅಗಲ, 28 ಉದ್ದ. ದಪ್ಪಕ್ಕೆ ಎರಡರಷ್ಟು ಅಗಲ, ಅಗಲಕ್ಕೆ ಎರಡರಷ್ಟು ಉದ್ದ. ಮಕ್ಕಳು ಪ್ಲೈವುಡ್ಡಿನಲ್ಲಿ ಇದೇ ಅಳತೆಯ ಅಚ್ಚು ಮಾಡಿ, ಮಣ್ಣಿಗೆ ಭತ್ತದ ಹೊಟ್ಟು ಹಾಕಿ ತುಳಿದು, ಹಿತ್ತಲಲ್ಲಿ ಆರು ಇಟ್ಟಿಗೆ ಕವುಚಿದ್ದರು. ಐದು ದಿನ ಬಿಸಿಲಿಗೆ ಒಣಗಿತು. ಇವತ್ತು ಟೇಪು ಹಿಡಿದರೆ ಉದ್ದ 26. ಚಿಕ್ಕವನು ಮೊದಲು ಟೇಪಿನ ಮೇಲೆ ಅನುಮಾನಪಟ್ಟ, ಆಮೇಲೆ ಅಚ್ಚಿನ ಮೇಲೆ. ಅಕ್ಕ ಅಗಲ ಅಳೆದಳು: 13. ದಪ್ಪ ಆರೂವರೆ.

“ತಾತ, ಅಳತೆ ಹೋಯ್ತು, ಆದ್ರೆ ಒಂದಕ್ಕೆರಡು, ಎರಡಕ್ಕೆ ನಾಲ್ಕು ಅನ್ನೋದು ಹಾಗೇ ಉಳೀತು!”

ನಾನು ಕೂತಲ್ಲಿಂದ ಎದ್ದುಬಂದು ಮತ್ತೆ ಅಳೆದೆ. ಹೌದು. ಮಣ್ಣು ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ಕುಗ್ಗಿದೆ. ಹರಪ್ಪಕ್ಕೂ ಮೊಹೆಂಜೊದಾರೋಗೂ ನಡುವೆ ಸುಮಾರು 600 ಕಿಲೋಮೀಟರ್. ಒಂದೊಂದು ಊರಿನ ಮಣ್ಣು ಒಂದೊಂದು ಥರ ಕುಗ್ಗಿರಬೇಕು. ಅಷ್ಟು ದೂರದ ಊರುಗಳು ಒಂದೇ ಗಾತ್ರವನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ, ಅನುಪಾತವನ್ನು ಹಿಡಿದಿಟ್ಟುಕೊಳ್ಳುವುದು ಸುಲಭ. ಇದು ಮಕ್ಕಳ ಊಹೆ, ನನಗೆ ಒಪ್ಪಿಗೆಯಾಗಿದೆ. “1:2:4 ಅನುಪಾತದ ಇಟ್ಟಿಗೆಗಳು” ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಆ ಅನುಪಾತ ಯಾಕೆ ಎಂದು ಒಬ್ಬ ಹುಡುಗನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

*

ಗುರುವಾರ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಮಗಳು ಮಕ್ಕಳನ್ನು ಅಲ್ಲಿಗೆ ಕಳಿಸಿದಳು, ನಾನೂ ಹೋದೆ. ಗಾರೆ ಕೆಲಸದ ಹಿರಿಯರು ನಮ್ಮ ಇಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದರು: “ಎರಡು ಅಡ್ಡ ಇಟ್ರೆ ಒಂದು ಉದ್ದ ಸಿಗ್ಬೇಕು ಸಾರ್. ಆಗ್ಲೇ ಮೇಲಿನ ವರಸೆ ಕೆಳಗಿನ ಸಂದನ್ನ ಮುಚ್ಚೋದು. ಸಂದಿನ ಮೇಲೆ ಸಂದು ಬಂತೋ, ಗೋಡೆ ಅಲ್ಲೇ ಸೀಳುತ್ತೆ.” ಅವರ ಇಟ್ಟಿಗೆಯಲ್ಲೂ ಎರಡು ಅಡ್ಡಕ್ಕೆ, ನಡುವಿನ ಗಾರೆ ಸೇರಿದರೆ, ಒಂದು ಉದ್ದ. ಮಕ್ಕಳು ಆರೇ ಇಟ್ಟಿಗೆಯಲ್ಲಿ ಒಂದು ಮೂಲೆ ಕಟ್ಟಿ ನೋಡಿದರು. ಆ ಹಿರಿಯರು ಮೂರು ಸಲ ಬಿಚ್ಚಿಸಿ ನಾಲ್ಕನೇ ಸಲಕ್ಕೆ ತಲೆಯಾಡಿಸಿದರು.

*

ಚಿಕ್ಕವನು ಒಂದು ಸಂಜೆ ರಟ್ಟಿನಲ್ಲಿ ಗೀಜಾದ ದೊಡ್ಡ ಪಿರಮಿಡ್ಡು ಮಾಡಿದ. ಬಣ್ಣ ಬಳಿದು, ಮರಳು ಅಂಟಿಸಿ, ಚೆನ್ನಾಗಿಯೇ ಇತ್ತು. ಮೂಲ ಎತ್ತರ ಸುಮಾರು 146 ಮೀಟರ್, ಕಲ್ಲು ಸುಮಾರು 23 ಲಕ್ಷ ಎಂದು ಚೀಟಿ ಅಂಟಿಸಿದ. ಆಮೇಲೆ ಯಾರೂ ಅದರ ಬಗ್ಗೆ ಏನೂ ಕೇಳಲಿಲ್ಲ, ಅವನೂ ಕೂಡ. ಶಾಲೆಯ ವಸ್ತುಪ್ರದರ್ಶನಗಳಲ್ಲಿ ನಾನು ಬಹುಮಾನ ಕೊಡಿಸಿದ್ದೆಲ್ಲ ಇಂಥವಕ್ಕೇ. ಇಟ್ಟಿಗೆ ಅಷ್ಟು ಮಾತಾಡಿಸಿತು, ಪಿರಮಿಡ್ಡು ಸುಮ್ಮನೆ ಕೂತಿದೆ. ರಟ್ಟು ಹೇಳಿದ ಹಾಗೆ ಮಡಿಯುತ್ತದೆ, ಮಣ್ಣು ತಿರುಗಿ ಬೀಳುತ್ತದೆ. ವ್ಯತ್ಯಾಸ ಇಷ್ಟೇ ಇರಬಹುದೇ?

ಪಿರಮಿಡ್ಡಿಗೆ ಜೀವ ಬಂದದ್ದು ಬೇರೆ ದಾರಿಯಿಂದ. 2013ರಲ್ಲಿ ಫ್ರಾನ್ಸಿನ ಪಿಯರ್ ತಾಲೆ ಅವರ ತಂಡಕ್ಕೆ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಪಪೈರಸ್ ಚೂರುಗಳು ಸಿಕ್ಕವು. ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿ. ಸುಮಾರು ನಲವತ್ತು ಜನರ ಗುಂಪು ಕಟ್ಟಿಕೊಂಡು, ತುರಾದ ಗಣಿಯಿಂದ ಗೀಜಾಕ್ಕೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದವನು ಅವನು. ಹತ್ತು ದಿನಕ್ಕೆ ಎರಡೋ ಮೂರೋ ಸುತ್ತು. ಇಂಥ ದಿನ ಕಲ್ಲು ತುಂಬಿದೆವು, ಇಂಥ ದಿನ ಹೊರಟೆವು, ಇಂಥಲ್ಲಿ ತಂಗಿದೆವು, ಅಷ್ಟೇ. ಫರೋನ ಹೊಗಳಿಕೆಯಿಲ್ಲ, ವೈಭವವಿಲ್ಲ. ಅದನ್ನು ಓದಿದ ಮೇಲೆ ಹುಡುಗ ತಾನೂ ಒಂದು ದಿನಚರಿ ಹಿಡಿದಿದ್ದಾನೆ: “ಮಣ್ಣು ಎರಡು ಬಾಂಡ್ಲಿ. ಹೊಟ್ಟು ಒಂದು. ಮಧ್ಯಾಹ್ನ ಅಕ್ಕ ಬರಲಿಲ್ಲ. ಇಟ್ಟಿಗೆ ಆರು, ಒಡೆದದ್ದು ಒಂದು.” ಗೀಜಾದ ಕಲ್ಲು ಹೊತ್ತವರಿಗೆ ಊಟ ಎಲ್ಲಿಂದ ಬರುತ್ತಿತ್ತು ಎಂದು ನನ್ನನ್ನು ಕೇಳಿದ. ಪಿರಮಿಡ್ಡು ಪಾಠ ಮಾಡಿದ ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಮೊದಲ ಸಲ ಕೇಳಿಸಿಕೊಂಡೆ.

*

ಸೌತೆಕಾಯಿ ಮಮ್ಮಿ. ಉಪ್ಪಿಗೆ ಅಡುಗೆ ಸೋಡ ಬೆರೆಸಿ ಡಬ್ಬಿಯಲ್ಲಿ ಹೂತಿಟ್ಟರು. ಈಜಿಪ್ಟಿನವರ ನೇಟ್ರಾನ್ ಎಂಬುದೂ ಹೆಚ್ಚುಕಡಿಮೆ ಇಂಥದೇ ಬೆರಕೆ, ಕೆರೆ ಒಣಗಿದ ಜಾಗದಲ್ಲಿ ಸಿಗುತ್ತಿತ್ತು. ಹೆಣವನ್ನು ಅದರಲ್ಲಿ ನಲವತ್ತು ದಿನ ಒಣಗಿಸುತ್ತಿದ್ದರು, ಒಟ್ಟು ಸಂಸ್ಕಾರಕ್ಕೆ ಎಪ್ಪತ್ತು ದಿನ. ನಮ್ಮ ಸೌತೆಕಾಯಿ ಒಂದು ವಾರಕ್ಕೇ ನಾರಿತು. ಸಿಪ್ಪೆ ಗಟ್ಟಿಯಾಗಿದೆ, ಒಳಗೆ ತಿರುಳು ಲೋಳೆ.

ನನ್ನ ಹೆಂಡತಿ ನೋಡಿ, “ಮಜ್ಜಿಗೆ ಮೆಣಸಿಗೆ ಮೆಣಸಿನಕಾಯಿ ಸೀಳದೆ ಹಾಕ್ತಾರೇನೋ?” ಎಂದಳು. ಮಾತು ಅಷ್ಟೇ. ಎರಡನೇ ಸೌತೆಕಾಯಿಯನ್ನು ಸೀಳಿ, ಬೀಜ ತಿರುಳು ಕೆರೆದು, ಒಳಗೂ ಉಪ್ಪು ತುಂಬಿದರು. ಒದ್ದೆಯಾದಾಗಲೆಲ್ಲ ಅಜ್ಜಿ ಉಪ್ಪು ಬದಲಾಯಿಸಿದಳು. ಹದಿನೈದು ದಿನವಾಯಿತು, ವಾಸನೆಯಿಲ್ಲ, ತೂಕ ಅರ್ಧಕ್ಕೂ ಕೆಳಗೆ. ಈಜಿಪ್ಟಿನವರು ಮೊದಲು ಕರುಳು, ಪಿತ್ತಜನಕಾಂಗ ತೆಗೆಯುತ್ತಿದ್ದುದು ಯಾಕೆಂದು ಈಗ ಯಾರೂ ಹೇಳಿಕೊಡಬೇಕಿಲ್ಲ. ಕೊಳೆಯುವುದು ಒಳಗಿನಿಂದ.

*

ತೂಕದ ಕಲ್ಲು. ಹರಪ್ಪದ ಬೆಣಚುಜಾತಿಯ ಕಲ್ಲಿನ ಘನಗಳು ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ಇಮ್ಮಡಿಯಾಗುತ್ತ ಹೋಗುತ್ತವೆ. ಹೆಚ್ಚು ಸಿಕ್ಕಿರುವುದು 13.7 ಗ್ರಾಂ ಆಸುಪಾಸಿನವು. ದೊಡ್ಡವಳು ಮರಳಿನ ಐದು ಪೊಟ್ಟಣ ಕಟ್ಟಿಕೊಂಡು, ಐದರಲ್ಲೇ ಒಂದರಿಂದ ಮೂವತ್ತೊಂದರವರೆಗೆ ಯಾವ ತೂಕ ಬೇಕಾದರೂ ತೂಗಬಹುದು ಎಂದು ಮಾಡಿ ತೋರಿಸಿದಳು. ಆಗ ನನ್ನವಳು ಒಳಗಿಂದ ಹಿತ್ತಾಳೆಯ ಅಳತೆಗಳನ್ನು ತಂದಿಟ್ಟಳು, ಅವಳ ತವರಿನವು: ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಪ್ರತಿಯೊಂದೂ ಹಿಂದಿನದರ ಅರ್ಧ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಇದು ಅಲ್ಲಿಂದ ಬಂದದ್ದು ಎನ್ನಲು ಆಧಾರವಿಲ್ಲ; ಅರ್ಧ ಮಾಡುವುದು ಯಾವ ಕೈಗಾದರೂ ಸುಲಭ, ಅದಕ್ಕೇ ಎರಡು ಕಡೆಯೂ ಹುಟ್ಟಿರಬಹುದು. ಹಾಗೆಂದು ಹೇಳಿದೆ. ಹೇಳುವಾಗ ಗಂಟಲು ಸ್ವಲ್ಪ ತುಂಬಿ ಬಂತು.

*

ಭಾನುವಾರ. ಹರಪ್ಪ ಕಾಲದ ಊರು ಲೋಥಲ್ ಬಗ್ಗೆ ವಾದ. 1955ರಿಂದ ಅಲ್ಲಿ ಉತ್ಖನನ ನಡೆಸಿದ ಎಸ್. ಆರ್. ರಾವ್ ನಮ್ಮ ಶಿವಮೊಗ್ಗ ಸೀಮೆಯವರು. ಸುಟ್ಟ ಇಟ್ಟಿಗೆ ಕಟ್ಟಿದ ಆ ಕೊಳ, ಸುಮಾರು 215 ಮೀಟರ್ ಉದ್ದ, 36 ಮೀಟರ್ ಅಗಲ, ಹಡಗುಕಟ್ಟೆ ಎಂದು ಅವರ ನಿರ್ಣಯ. ಅಲ್ಲ, ನೀರಿನ ಕೆರೆ ಎನ್ನುವ ವಿದ್ವಾಂಸರೂ ಇದ್ದಾರೆ. ಬೆಳಿಗ್ಗೆ ಮಕ್ಕಳು ಮೈದಾನದಲ್ಲಿ ಹೆಜ್ಜೆ ಹಾಕಿ ಆ ಅಳತೆಗೆ ಗೂಟ ಹೊಡೆದು ಬಂದರು. ಮಧ್ಯಾಹ್ನ ತಮ್ಮ ಹಡಗುಕಟ್ಟೆ, ಅಕ್ಕ ಕೆರೆ. ಅರ್ಧ ಗಂಟೆಯ ಮೇಲೆ ಮಗಳು ಪಕ್ಷ ಅದಲುಬದಲು ಮಾಡಿಸಿದಳು. ಹುಡುಗನಿಗೆ ಅಳುವೇ ಬಂತು. ತಾನು ನಂಬಿದ್ದರ ವಿರುದ್ಧ ಮಾತಾಡುವುದು ಅವನಿಗೆ ಸುಳ್ಳು ಹೇಳಿದ ಹಾಗೆ. ಇದು ಸರಿಯೇ ಎಂದು ರಾತ್ರಿ ಮಗಳನ್ನು ಕೇಳಿದೆ. ಹದಿಮೂರಕ್ಕೆ ಬೇಗವಾಯಿತೇನೋ ಎಂದು ಅವಳಿಗೂ ಅನ್ನಿಸಿದೆ. ಮುಂದಿನ ಸಲ ಪಕ್ಷ ಬದಲಾಯಿಸುವುದು ಅವನ ಇಷ್ಟಕ್ಕೆ.

ರಾವ್ ಅವರು 1982ರಲ್ಲಿ ಸಿಂಧೂ ಲಿಪಿಯನ್ನು ಓದಿರುವೆನೆಂದು ಪುಸ್ತಕ ತಂದರು. ವಿದ್ವಾಂಸರು ಸಾಮಾನ್ಯವಾಗಿ ಒಪ್ಪಲಿಲ್ಲ. “ಅಷ್ಟು ದೊಡ್ಡೋರು ತಪ್ಪಬಹುದಾ ತಾತ?” ಎಂದಳು ದೊಡ್ಡವಳು. ತಪ್ಪಬಹುದು ಎಂದೆ, ತಪ್ಪಿದರೂ ಅವರು ಅಗೆದ ಊರು ಊರೇ ಎಂದೂ ಸೇರಿಸಿದೆ.

*

ಮುದ್ರೆಗಳು. ವಿದ್ವಾಂಸ ಐರಾವತಂ ಮಹಾದೇವನ್ 1977ರಲ್ಲಿ ಪಟ್ಟಿ ಮಾಡಿದ ಸಿಂಧೂ ಲಿಪಿಯ ಚಿಹ್ನೆಗಳು 417. ಬರಹಗಳ ಸರಾಸರಿ ಉದ್ದ ಐದೇ ಚಿಹ್ನೆ. ಮಕ್ಕಳು ತಮ್ಮದೇ ಗುಟ್ಟಿನ ಲಿಪಿಯಲ್ಲಿ ಐದೈದು ಚಿಹ್ನೆಯ ಮುದ್ರೆ ಮಾಡಿ ಅದಲುಬದಲು ಮಾಡಿಕೊಂಡರು. ಎರಡು ದಿನ ಕೂತರೂ ಒಬ್ಬರದು ಒಬ್ಬರಿಗೆ ಒಡೆಯಲಿಲ್ಲ. ಮೂರನೇ ದಿನ ಅದೇ ಲಿಪಿಯ ಒಂದು ಸಾಲು, ಕೆಳಗೆ ಅದರ ಕನ್ನಡ ಕೊಟ್ಟರು. ಊಟದ ಹೊತ್ತಿಗೆ ಒಡೆಯಿತು. 1799ರಲ್ಲಿ ಸಿಕ್ಕ ರೊಸೆಟ್ಟಾ ಕಲ್ಲಿನಿಂದ 1822ರಲ್ಲಿ ಶಾಂಪೊಲಿಯೊಂಗೆ ದಾರಿ ಕಂಡದ್ದೂ ಹೀಗೆಯೇ, ಜೊತೆಗೆ ಗೊತ್ತಿರುವ ಗ್ರೀಕ್ ಇತ್ತು. ಹರಪ್ಪಕ್ಕೆ ಅಂಥ ಕಲ್ಲು ಇನ್ನೂ ಸಿಕ್ಕಿಲ್ಲ. ತರಗತಿಯಲ್ಲಿ ನಾನು ಮಗ್ಗಿಯಂತೆ ಹೇಳಿಸಿದ ವಾಕ್ಯ “ಈ ಲಿಪಿಯನ್ನು ಇನ್ನೂ ಓದಲಾಗಿಲ್ಲ”. ಎರಡು ದಿನ ಸೋತ ಮಕ್ಕಳ ಮುಖದಲ್ಲಿ ಆ ವಾಕ್ಯ ಬೇರೆಯಾಗಿತ್ತು.

*

ಕೊನೆಗೆ ನಾಟಕ. ಲೂವ್ರ್ ಸಂಗ್ರಹಾಲಯದಲ್ಲಿ ಒಂದು ಮೆಸಪಟೋಮಿಯಾದ ಉರುಳೆಮುದ್ರೆ ಇದೆ, ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಅದರ ಒಡೆಯ ಶು-ಇಲಿಶು, ಮೆಲುಹ್ಹಾ ಭಾಷೆಯ ದುಭಾಷಿ. ಮೆಲುಹ್ಹಾ ಎಂದರೆ ಸಿಂಧೂ ಸೀಮೆ ಎಂದು ಹೆಚ್ಚಿನವರ ಅಭಿಪ್ರಾಯ. ದೊಡ್ಡವಳು ಅವನನ್ನೇ ನಾಯಕನನ್ನಾಗಿ ಮಾಡಿ ಬರೆದಿದ್ದಾಳೆ. ಮೆಸಪಟೋಮಿಯಾದ ಅಕ್ಕಾಡಿನವರ ಮಾತೆಲ್ಲ ಕನ್ನಡದಲ್ಲಿದೆ, ಮೆಲುಹ್ಹಾದ ವ್ಯಾಪಾರಿಯ ಮಾತು ಬರುವಲ್ಲಿ ಕಾಗದ ಖಾಲಿ. ಏನಾದರೂ ಶಬ್ದ ಕಟ್ಟಿ ತುಂಬಿಸು ಎಂದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಹೀಗೇ ಪರದೇಶದವರ ಮಾತು ಬರುತ್ತದೆ, ಅದು ಕನ್ನಡವೆಂದು 1904ರಲ್ಲಿ ವಿದ್ವಾಂಸ ಹುಲ್ಟ್ಸ್ ಹೇಳಿದರು, ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಓದಲು ಕೂತರು, ಇಂದಿಗೂ ಚರ್ಚೆ ಮುಗಿದಿಲ್ಲ ಎಂದು ಕಥೆ ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು. ಆದರೆ ತುಂಬಿಸಲು ಒಪ್ಪಲಿಲ್ಲ. “ಗ್ರೀಕರು ಆ ಮಾತನ್ನ ಕೇಳಿಸ್ಕೊಂಡಿರಬಹುದು ತಾತ. ನಾವು ಕೇಳಿಲ್ಲ.”

ನಾಳೆ ಸಂಜೆ ಪ್ರದರ್ಶನ. ವ್ಯಾಪಾರಿಯ ಪಾತ್ರ ನನಗೆ. ಮಾರಲು ತಂದಿರುವುದು ಉದ್ದನೆಯ ಕಾರ್ನೀಲಿಯನ್ ಮಣಿ. ಅಂಥ ಮಣಿಗೆ ತೂತು ಕೊರೆದರೆ ಗಂಟೆಗೆ 2.5 ಮಿಲಿಮೀಟರ್ ಸಾಗುತ್ತದೆ ಎಂದು ಪುರಾತತ್ತ್ವಜ್ಞ ಮಾರ್ಕ್ ಕೆನೊಯರ್ ಅವರ ಲೆಕ್ಕ. ಹತ್ತು ಸೆಂಟಿಮೀಟರ್ ಮಣಿಗೆ ನಲವತ್ತು ಗಂಟೆ. ಬೆಲೆ ಯಾಕಿಷ್ಟು ಎಂದು ಅಕ್ಕಾಡಿನವನು ಕೇಳುತ್ತಾನೆ, ನಾನು ಬಾಯಿ ಬಿಡುವಂತಿಲ್ಲ. ನಲವತ್ತು ಗಂಟೆಯನ್ನು ಕೈಸನ್ನೆಯಲ್ಲಿ ತೋರಿಸುವುದು ಹೇಗೆ ಎಂದು ಬೆಳಗಿನಿಂದ ಕನ್ನಡಿಯ ಮುಂದೆ ನಿಂತಿದ್ದೇನೆ. ಸೂರ್ಯ ಹುಟ್ಟಿ ಮುಳುಗುವುದನ್ನು ತೋರಿಸಿದೆ, ಐದು ಬೆರಳು ಮಡಿಸಿದೆ. ಅದು ಐದು ದಿನದ ಪ್ರಯಾಣದ ಹಾಗೆ ಕಾಣುತ್ತದೆ, ಕೊರೆದ ಹಾಗೆ ಕಾಣುವುದಿಲ್ಲ ಎಂದು ಚಿಕ್ಕವನು ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.