ಸೈನೈಡ್ ದಿಬ್ಬದ ಮಣ್ಣು

ಕಳೆದ ವರ್ಷ ದೇಹೂ ರೋಡಿನ ನಮ್ಮ ಮನೆಗೆ ಒಂದು ಕೋಣೆ ಹೆಚ್ಚಿಗೆ ಕಟ್ಟಿಸಿದೆವು. ಗೌಂಡಿ ಹೊಳೆಮರಳಿನ ಬದಲು 'ಕ್ರಶ್ ಸ್ಯಾಂಡ್' ತರಿಸಿದ. ಬಂಡೆ ಒಡೆದು ಮಾಡಿದ ಆ ಬೂದುಬಣ್ಣದ ಪುಡಿಯ ರಾಶಿ ಕಂಡದ್ದೇ ತಡ, ನಮ್ಮ ಅತ್ತೆಯವರು ಮಕ್ಕಳನ್ನು ಒಳಗೆ ಕರೆದುಕೊಂಡುಬಿಟ್ಟರು.

ಅವರು ಕೋಲಾರದ ಚಿನ್ನದ ಗಣಿಯ ಊರಿನವರು. ಅಲ್ಲಿ ಅದಿರನ್ನು ಹಿಟ್ಟಾಗಿ ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದಮೇಲೆ ಉಳಿದದ್ದೇ ದಿಬ್ಬಗಳಾಗಿ ಬೆಳೆದಿದೆ. ಮೂರು ಕೋಟಿ ಟನ್ನಿಗೂ ಮಿಗಿಲು! ಗಾಳಿ ಎದ್ದರೆ ಒಣಹಾಕಿದ ಬಟ್ಟೆಗೂ ಅನ್ನದ ತಟ್ಟೆಗೂ ಅದೇ ಧೂಳು. ಗಣಿಯೇನೋ 2001ರಲ್ಲಿ ಮುಚ್ಚಿತು. ದಿಬ್ಬ ಎಲ್ಲಿಗೆ ಹೋದೀತು?

ಆ ಪುಡಿಯಿಂದ ಇಟ್ಟಿಗೆ ಮಾಡಬಹುದೆಂದು ಅಲ್ಲಿಯ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯವರು 2007ರಲ್ಲೇ ಬರೆದಿದ್ದಾರೆ. ಸಿಮೆಂಟು ಬೆರೆಸಿದರೆ ಖರ್ಚು ಹೆಚ್ಚು. ಎರೆಮಣ್ಣನ್ನೋ ಕೆಮ್ಮಣ್ಣನ್ನೋ ಬೆರೆಸಿ ಸುಟ್ಟರೆ ಅಗ್ಗವಂತೆ. 2024ರಲ್ಲಿ ರಾಜ್ಯದ ಸಚಿವ ಸಂಪುಟ 13 ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯಲು ಒಪ್ಪಿತು. ಆದರೆ ಟನ್ನಿಗೆ ಒಂದು ಗ್ರಾಮೂ ಇಲ್ಲದ ಚಿನ್ನವನ್ನು ತೆಗೆದರೆ ಪುಡಿ ಎಷ್ಟು ತಗ್ಗೀತು? ನಮಗಂತೂ ಇಟ್ಟಿಗೆಯ ಮಾತೇ ಹಿಡಿಸಿತು.

ಉತ್ಸಾಹದಿಂದ ಅತ್ತೆಯವರಿಗೆ ಹೇಳಿದೆವು. ಅವರು ಅಕ್ಕಿ ಆರಿಸುತ್ತಲೇ, "ಆಗಲಮ್ಮಾ. ಆ ಇಟ್ಟಿಗೆಯ ಮನೇಲಿ ನಿನ್ನ ಮಕ್ಕಳನ್ನ ಮಲಗಿಸ್ತೀಯಾ?" ಎಂದರು.

ಪರೀಕ್ಷೆ ಮಾಡಿ ಕೊಟ್ಟರೆ ಮಲಗಿಸುತ್ತೇವೆ ಎಂದೆವು. ಆದರೆ ಉತ್ತರ ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅದನ್ನು ಅವರು ಗಮನಿಸಿದರು.

"ಮೊದಲು ಹೊರಗಿರೋ ರಾಶಿಗೆ ಗೋಣಿ ಹೊದಿಸಿ ನೀರು ಹಾಕಿ" ಎಂದರು. ಹಾಕಿದೆವು.