ಹಳ್ಳಿ, ಹಲ್ಲಿ ಮತ್ತು ಕಾನೂನು

2023ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಮುಝಫ್ಫರನಗರ ಜಿಲ್ಲೆಯ ಖುಬ್ಬಾಪುರದ ಶಾಲೆಯೊಂದರಲ್ಲಿ ನಡೆದದ್ದನ್ನು ದೇಶವೇ ಮೊಬೈಲಿನಲ್ಲಿ ನೋಡಿತು. ಏಳು ವರ್ಷದ ಮುಸ್ಲಿಂ ಬಾಲಕನನ್ನು ನಿಲ್ಲಿಸಿ, ಸಹಪಾಠಿಗಳಿಂದ ಒಬ್ಬೊಬ್ಬರಾಗಿ ಶಿಕ್ಷಕಿ ಹೊಡೆಸುತ್ತಿದ್ದರು. ಮಗ್ಗಿ ಕಲಿತು ಬಂದಿಲ್ಲವೆಂಬುದು ಕಾರಣ. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಫ್‌ಐಆರ್ ದಾಖಲಿಸಲು ಆದ ವಿಳಂಬವನ್ನೂ, ಧರ್ಮದ ಕಾರಣಕ್ಕೆ ಹೊಡೆಸಲಾಯಿತೆಂಬ ತಂದೆಯ ಆರೋಪ ಅದರಲ್ಲಿ ಬಿಟ್ಟುಹೋದದ್ದನ್ನೂ ನ್ಯಾಯಾಲಯ ಪ್ರಶ್ನಿಸಿತು. ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಮಾತು. ಹೊಡೆಸಿಕೊಂಡ ಮಗುವಿಗಷ್ಟೇ ಅಲ್ಲ, ಹೊಡೆದ ಮಕ್ಕಳಿಗೂ ಆಪ್ತಸಲಹೆ ಬೇಕು ಎಂದು ನ್ಯಾಯಾಲಯ ಹೇಳಿತು.

ಕಾನೂನು ಇರಲಿಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ತಪ್ಪಿದವರಿಗೆ ಸೇವಾ ನಿಯಮದಂತೆ ಶಿಸ್ತುಕ್ರಮ. ಆದರೆ ಸೇವಾ ನಿಯಮ ಮೇಷ್ಟ್ರಿಗೆ ಅನ್ವಯಿಸೀತೇ ಹೊರತು ಪಕ್ಕದ ಬೆಂಚಿನ ಹುಡುಗನಿಗಲ್ಲ. ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಸಾವಿನ ನಂತರ ಅದೇ 2009ರಲ್ಲಿ ಯುಜಿಸಿ ತಂದ ರ‍್ಯಾಗಿಂಗ್ ವಿರೋಧಿ ನಿಯಮಗಳು ಕಾಲೇಜು, ವಿಶ್ವವಿದ್ಯಾಲಯಗಳವು. ನಾಲ್ಕನೇ ತರಗತಿಯ ಗೇಲಿಗೆ ಅಲ್ಲಿ ಜಾಗವಿಲ್ಲ.

ಜಾಗ ಮಾಡಿಕೊಟ್ಟರೂ ಗೇಲಿಯನ್ನು ಕಾನೂನು ಹಿಡಿಯುವುದು ಹೇಗೆ? ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ನಾನು ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರಿದ್ದೆ. ಉರ್ದುವಿನಲ್ಲಿ ‘ಳ’ ಇಲ್ಲ. ಎದ್ದು ನಿಂತು ಪಾಠ ಓದಿದಾಗ ‘ನಮ್ಮ ಹಳ್ಳಿ’ ಎಂಬುದು ‘ನಮ್ಮ ಹಲ್ಲಿ’ ಆಯಿತು. ಅಂದಿನಿಂದ ನಾನು ‘ಹಲ್ಲಿ ಸಾಬ’. ನನ್ನನ್ನು ಕಂಡರೆ ಲೊಚಗುಟ್ಟುವುದು. ಕ್ರಿಕೆಟ್ ಮ್ಯಾಚಿದ್ದ ದಿನ ಹಲ್ಲಿ ಹೋಗಿ ‘ಪಾಕಿಸ್ತಾನ’ ಬರುತ್ತಿತ್ತು. ಯಾರೂ ಕೈ ಮಾಡಲಿಲ್ಲ, ಬಾಸುಂಡೆ ಏಳಲಿಲ್ಲ. ಯಾವ ಕಲಮಿನಡಿ ದೂರು ಬರೆಯುವುದು? ಮನೆಯಲ್ಲಿ ಹೇಳಿದರೆ ಅಮ್ಮಿ ಶಾಲೆ ಬಿಡಿಸಿಯಾರೆಂಬ ಭಯ ಬೇರೆ.

ಅದನ್ನು ನಿಲ್ಲಿಸಿದ್ದು ಕನ್ನಡ ಪಂಡಿತರು. ಒಂದು ದಿನ ನನ್ನನ್ನು ಕರೆದು, “ನಿಮ್ಮ ಭಾಷೇಲಿ ಗಂಟಲಿಂದ ಬರೋ ಅಕ್ಷರ ಇದೆಯಲ್ಲ, ಹೇಳಪ್ಪ” ಎಂದರು. ನಾನು ‘ಖ಼ಬರ್’ ಎಂದೆ. ತರಗತಿಯ ಪ್ರತಿಯೊಬ್ಬರಿಂದಲೂ ಅದನ್ನು ಹೇಳಿಸಿದರು. ಕೆಲವರು ಕೆಮ್ಮಿದರು, ಕೆಲವರು ಕ್ಯಾಕರಿಸಿದರು. ಪಂಡಿತರೂ ಪ್ರಯತ್ನಿಸಿ ಸೋತರು. “ನಾಲಿಗೆ ಅಭ್ಯಾಸದ ಕೂಸು ಕಣ್ರೋ” ಎಂದು ಪಾಠಕ್ಕೆ ಹೋದರು. ಎಲ್ಲರೊಂದಿಗೆ ನಾನೂ ನಕ್ಕಿದ್ದೆ. ‘ಹಲ್ಲಿ’ ಮೆಲ್ಲಗೆ ಮರೆತುಹೋಯಿತು. ‘ಪಾಕಿಸ್ತಾನ’ ಮಾತ್ರ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಅದು ತರಗತಿಯಲ್ಲಿ ಹುಟ್ಟಿದ್ದಲ್ಲ, ದೊಡ್ಡವರ ಬಾಯಿಂದ ಮಕ್ಕಳ ಬಾಯಿಗೆ ಬಂದದ್ದು.

ಇದು ಅವರದಷ್ಟೇ ಕಥೆಯೆಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ನನ್ನ ಉರ್ದು ಶಾಲೆಯಲ್ಲಿ ಮನೆಮಾತು ಕನ್ನಡವಾಗಿದ್ದ ನದಾಫರ ಹುಡುಗನೊಬ್ಬನಿದ್ದ. ಅವನ ಉರ್ದು ತೊದಲಿದಾಗಲೆಲ್ಲ ‘ಪಿಂಜಾರ’ ಎಂದು ಕೂಗಿ ನಗುತ್ತಿದ್ದವರು ನಮ್ಮವರೇ ಮಕ್ಕಳು. ಆರನೇ ತರಗತಿಗೆ ಅವನು ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆಯಲಾಯಿತು. ಕಾರಣ ಬರೆಯುವ ಕಾಲಂ ಅದರಲ್ಲಿರಲಿಲ್ಲ.

ಶಾಲೆಗಳಿಗೂ ಸ್ಪಷ್ಟ ಕಾನೂನು ಬರಲಿ, ಬೇಡವೆನ್ನುವವರಾರು? ಏಟು ಬಿದ್ದ ಮೇಲೆ ಹೋಗಿ ನಿಲ್ಲಲು ಒಂದು ಬಾಗಿಲು ಬೇಕೇಬೇಕು. ಏಟಿಗೆ ಮೊದಲಿನ ಕೆಲಸ ಮಾತ್ರ ಮೇಷ್ಟ್ರದು, ನಮ್ಮದು. ಮಗು ಮನೆಗೆ ಬಂದ ಕೂಡಲೇ ಮಾರ್ಕ್ಸ್ ಕೇಳುತ್ತೇವೆ. ಇವತ್ತು ನಿನ್ನನ್ನು ಯಾರಾದರೂ ಅಳಿಸಿದರಾ ಎಂದು ಕೆಲವರಾದರೂ ಕೇಳುತ್ತೇವೆ. ನೀನು ಯಾರನ್ನಾದರೂ ಅಳಿಸಿದೆಯಾ ಎಂದೂ ಕೇಳಬೇಕು.