ಗಂಡುಹುಡುಗರ ಬೊಂಬೆ

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಹಾಲ್‌ನಲ್ಲಿ ಕೂತಿದ್ದ ತಮ್ಮ ತನ್ನ ಮಗನ ಮೊಬೈಲಿನೊಳಗೆ ಇಣುಕಿ, "ಏನೋ ಇದು, ಜಡೆ ಬಿಟ್ಕೊಂಡು ಓಡ್ತಿದೀಯ? ಹುಡುಗಿ ಆಗ್ಬಿಟ್ಯಾ?" ಅಂದ. ಹುಡುಗ ಬಿಜಿಎಂಐ ಎಂಬ ಬಂದೂಕಿನ ಆಟ ಆಡುತ್ತಿದ್ದ. ಪಿಯುಸಿ ಓದುವ ಹುಡುಗ, ಎದುರು ಮಾತಾಡಲಿಲ್ಲ. ಮೊಬೈಲನ್ನು ಕವುಚಿಟ್ಟು ರೂಮಿಗೆ ಎದ್ದುಹೋದ. ತಮ್ಮ ನಗುತ್ತಲೇ ಇನ್ನೊಂದು ದೋಸೆ ಹಾಕಿಸಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಮಧ್ಯಾಹ್ನವಾದರೂ ಆ ಉರಿ ಇಳಿದಿಲ್ಲ.

ಬೇರೆ ಯಾರಾದರೂ ಅಂದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಅಂದವನು ನನ್ನ ತಮ್ಮ. ಕುಂದಾಪುರದ ಕಡೆ ಕೊಯ್ಲಾದ ಗದ್ದೆಯಲ್ಲಿ ನನ್ನ ಪಕ್ಕ ಚಾಪೆಯ ಮೇಲೆ ಕೂತು ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವನು. ನಳ ಕಾಡಿನಲ್ಲಿ ಬಿಟ್ಟುಹೋದ ಮೇಲೆ ದಮಯಂತಿ ಅತ್ತರೆ ಇವನೂ ಅಳುತ್ತಿದ್ದ. ಆ ದಮಯಂತಿ ಹಗಲಿನಲ್ಲಿ ಲುಂಗಿ ಎತ್ತಿ ಕಟ್ಟಿ ಬೀಡಿ ಸೇದುವ ಗಂಡಸು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಬಣ್ಣ ಹಚ್ಚಿಕೊಳ್ಳುವ ಚೌಕಿಯೊಳಗೆ ನುಗ್ಗಿ, ಅವರು ಕನ್ನಡಿ ಹಿಡಿದು ಗಡ್ಡ ಹೆರೆದುಕೊಳ್ಳುವುದನ್ನೂ ನೋಡಿಕೊಂಡೇ ಬಂದು ಕೂರುತ್ತಿದ್ದೆವು. ಅವರನ್ನು ನೋಡಿ ತಮ್ಮ ಒಂದು ದಿನವೂ ನಗಲಿಲ್ಲ. ಬಣ್ಣ ಹಚ್ಚಿಕೊಂಡವರಿಗೆ ಕೊಟ್ಟ ಮರ್ಯಾದೆಯನ್ನು ಹೆತ್ತ ಮಗನಿಗೆ ಕೊಡಲು ಏನು ಕಷ್ಟ?

ಗಂಡಸರು ಆಟದಲ್ಲಿ ಹೆಣ್ಣುಪಾತ್ರ ಯಾಕೆ ತೆಗೆದುಕೊಳ್ಳುತ್ತಾರೆ ಎಂದರೆ ಸಿದ್ಧ ಉತ್ತರಗಳಿವೆ. ಇಂಥ ಆಟಗಳಲ್ಲಿ ಆಡುವವನ ಕಣ್ಣು ಪಾತ್ರದ ಬೆನ್ನ ಹಿಂದಿರುತ್ತದೆ, ಗಂಟೆಗಟ್ಟಲೆ ಒಂದೇ ಬೆನ್ನು ನೋಡಬೇಕಾದರೆ ಅದು ಚೆಂದವಿರಲಿ ಅನ್ನುವುದೊಂದು. ಮೈ ಸಪೂರ, ಗುಂಡು ತಾಗುವುದು ಕಡಿಮೆ ಎಂಬ ನಂಬಿಕೆ ಇನ್ನೊಂದು. ಹೆಣ್ಣೆಂದರೆ ಗುರುತಿಲ್ಲದವರೂ ನೆರವಿಗೆ ಬರುತ್ತಾರೆ, ಸಾಮಾನು ಬಿಟ್ಟುಕೊಡುತ್ತಾರೆ ಎಂಬ ಲೆಕ್ಕವೂ ಉಂಟು. ಹರೆಯದ ಆಸೆಯಂತೂ ಇದ್ದೇ ಇದೆ. ಇನ್ನು ಕೆಲವರಿಗೆ, ತಮ್ಮೊಳಗೆ ಮೊದಲಿನಿಂದ ಇದ್ದೂ ಯಾರಿಗೂ ಹೇಳಲಾಗದೆ ಉಳಿದದ್ದು ಅಲ್ಲಿ ಮೊದಲ ಸಲ ಕಣ್ಣಿಗೆ ಕಾಣುತ್ತದೆ. ಅಂಥ ಮಗುವಿನ ಮೇಲೆ ಅಪ್ಪನ ಒಂದು ನಗೆ ಏನು ಮಾಡೀತು ಎಂದು ನೆನೆದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಇವೆಲ್ಲ ನಿಜವೇ, ತಕರಾರಿಲ್ಲ. ಆದರೆ ಇಷ್ಟಕ್ಕೇ ವಿಷಯ ಮುಗಿಯಿತು ಎಂದು ನನಗೆ ಅನ್ನಿಸುವುದಿಲ್ಲ.

ಮೊದಮೊದಲು ಆರಿಸುವ ಮಾತೇ ಇರಲಿಲ್ಲ, ಆಟ ಕೊಟ್ಟದ್ದನ್ನು ಆಡಬೇಕಿತ್ತು. 1986ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ಮೆಟ್ರಾಯ್ಡ್' ಎಂಬ ಆಟ ತಂದಿತು. ಅದರ ವೀರ ಸೇಮಸ್ ಅರಾನ್‌ಗೆ ಅಡಿಯಿಂದ ಮುಡಿಯವರೆಗೆ ಕವಚ. ಆಟವನ್ನು ಬೇಗ ಮುಗಿಸಿದವರಿಗಷ್ಟೇ ಕೊನೆಯಲ್ಲಿ ಆ ಕವಚ ಕಳಚಿ, ಒಳಗಿರುವುದು ಹೆಂಗಸು ಎಂದು ತೋರಿಸುತ್ತಿದ್ದರು. ಅಷ್ಟು ಹೊತ್ತೂ ಅವಳನ್ನು ಓಡಿಸಿ, ಹಾರಿಸಿ, ಗುಂಡು ಹೊಡೆಸಿದ ಹುಡುಗರ ಬೆರಳಿಗೆ ಯಾವ ವ್ಯತ್ಯಾಸವೂ ತಿಳಿದಿರಲಿಲ್ಲ. ಹತ್ತು ವರ್ಷ ಕಳೆದು, 1996ರಲ್ಲಿ, ಇಂಗ್ಲೆಂಡಿನ ಡರ್ಬಿಯಿಂದ 'ಟೂಂಬ್ ರೇಡರ್' ಬಂತು. ಟೋಬಿ ಗಾರ್ಡ್ ಎಂಬ ಕಲಾವಿದ ಅದಕ್ಕೆ ಮೊದಲು ಯೋಚಿಸಿದ್ದು ಗಂಡು ನಾಯಕನನ್ನು. ಅವನು ಇಂಡಿಯಾನಾ ಜೋನ್ಸ್‌ನ ಪಡಿಯಚ್ಚಿನಂತೆ ಕಂಡದ್ದರಿಂದ ಪಾತ್ರ ಬದಲಾಗಿ ಲಾರಾ ಕ್ರಾಫ್ಟ್ ಹುಟ್ಟಿದಳು. ಲೋಕದ ಅದೆಷ್ಟು ಹುಡುಗರು ಅವಳ ಕಾಲಿನಲ್ಲಿ ಗುಹೆ ಹೊಕ್ಕರು, ಅವಳು ಬಂಡೆಯಿಂದ ಬಿದ್ದಾಗ ಅಯ್ಯೋ ಅಂದರು! ಆಮೇಲೆ 2007ರ 'ಮಾಸ್ ಎಫೆಕ್ಟ್'. ಅದರಲ್ಲಿ ಶೆಪರ್ಡ್ ಎಂಬ ಸೇನಾನಿಯನ್ನು ಗಂಡಾಗಿಯೂ ಆಡಬಹುದು, ಹೆಣ್ಣಾಗಿಯೂ ಆಡಬಹುದು. ಕಥೆ ಒಂದೇ. ಹೆಣ್ಣು ಶೆಪರ್ಡ್‌ಗೆ ದನಿ ಕೊಟ್ಟವರು ಜೆನಿಫರ್ ಹೇಲ್. ಆ ದನಿಗಾಗಿಯೇ ಹೆಣ್ಣು ಶೆಪರ್ಡ್‌ಳನ್ನು ಆರಿಸಿದೆವು ಎನ್ನುವ ಗಂಡಸರು ಬಹಳ ಮಂದಿ. ಇದು ನನಗೆ ತುಂಬ ಹಿಡಿಸಿತು. ಹೆಂಗಸೊಬ್ಬಳು ಗಂಟಲೇರಿಸದೆ ಒಂದು ಅಂತರಿಕ್ಷ ನೌಕೆಯನ್ನೇ ನಡೆಸುವುದನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡ ಹುಡುಗ, ನಾಳೆ ಆಫೀಸಿನಲ್ಲಿ ಹೆಂಗಸು ಮೇಲಧಿಕಾರಿಯ ಮಾತನ್ನು ಬೇರೆ ಕಿವಿಯಿಂದ ಕೇಳಬಹುದು ಎಂಬ ಆಸೆ ನನ್ನದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ. ರೋಸಾ ಮಿಕೇಲ್ ಮಾರ್ಟಿ ಮತ್ತು ಸಂಗಡಿಗರು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದೊಳಗೆ 375 ಆಟಗಾರರಿಗೆ ಒಂದು ಕೆಲಸ ಒಪ್ಪಿಸಿ, ಅವರ ಮಾತನ್ನೂ ಚಲನೆಯನ್ನೂ ದಾಖಲಿಸಿಕೊಂಡರು. ಗಂಡಸರಲ್ಲಿ ನೂರಕ್ಕೆ 23 ಮಂದಿ ಹೆಣ್ಣುಪಾತ್ರ ತೆಗೆದುಕೊಂಡಿದ್ದರು. ಹೆಂಗಸರಲ್ಲಿ ಗಂಡುಪಾತ್ರ ತೆಗೆದುಕೊಂಡವರು ನೂರಕ್ಕೆ 7.

ಆ ಏಳರ ಬಳಿ ಒಂದು ಗಳಿಗೆ ನಿಲ್ಲುತ್ತೇನೆ. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರಾತ್ರಿ ಊಟವಾದ ಮೇಲೆ ಗಡ್ಡದ ಗಂಡಸಾಗಿ ಆಡುತ್ತಾಳೆ, ಹೆಸರೂ ಗಂಡಸಿನದು, ಮೈಕ್ ಸದಾ ಆಫ್. "ಮೈಕ್ ಆನ್ ಮಾಡಿದ್ರೆ ಆಟ ಅಲ್ಲಿಗೇ ನಿಲ್ಲತ್ತೆ ಚಿಕ್ಕಮ್ಮ. ಹುಡುಗೀನಾ, ಎಲ್ಲಿರೋದು, ಫೋಟೋ ಕಳ್ಸು. ಉತ್ತರ ಕೊಡ್ಲಿಲ್ಲ ಅಂದ್ರೆ ಹೋಗಿ ಅಡುಗೆ ಮಾಡು" ಅಂದಳು. ತಂಡದಲ್ಲಿ ಉಳಿದವರು ಕೂಗಿ ಹೇಳಿಕೊಂಡು ಆಡುವಾಗ ಇವಳು ಅಕ್ಷರ ಒತ್ತಿ ಸೂಚನೆ ಕೊಡಬೇಕು. ಅಷ್ಟರೊಳಗೆ ಎದುರಾಳಿ ಗುಂಡು ಹೊಡೆದಾಗಿರುತ್ತದೆ. ದಿನವೆಲ್ಲ ದುಡಿದು ಬಂದ ಹೆಣ್ಣುಮಗಳಿಗೆ ಒಂದು ಗಂಟೆ ಆಡಿಕೊಳ್ಳಲು ಮೀಸೆಯ ಮರೆ ಬೇಕಾಗಿದೆ. ಅವಳಿಗೆ ಇದು ವೇಷವಲ್ಲ, ಬಾಗಿಲಿನ ಚಿಲಕ. ಈ ಅನ್ಯಾಯವನ್ನು ಯಾರೂ ತಮಾಷೆಯ ವಿಷಯ ಮಾಡಬಾರದು.

ಇನ್ನು ಆ ಇಪ್ಪತ್ತಮೂರು. ಹೆಣ್ಣುಪಾತ್ರ ತೊಟ್ಟ ಗಂಡಸರು ಉದ್ದ ಕೂದಲಿನ ಚೆಲುವೆಯರನ್ನೇ ಆರಿಸಿದ್ದರು. ಅವರ ಮಾತಿನಲ್ಲಿ ಭಾವದ ಪದಗಳು ಹೆಚ್ಚು, ಉದ್ಗಾರ ಚಿಹ್ನೆಗಳು ಹೆಚ್ಚು. ಅಲ್ಲಿಗೆ ವೇಷ ಪೂರ್ತಿಯಾಗಿತ್ತು. ಆದರೆ ನಡೆ ಬದಲಾಗಿರಲಿಲ್ಲ. ಹೆಂಗಸರಿಗಿಂತ ಹೆಚ್ಚು ಜಿಗಿಯುತ್ತಿದ್ದರು, ಹಿಮ್ಮುಖವಾಗಿ ಹೆಚ್ಚು ಸರಿಯುತ್ತಿದ್ದರು, ಗುಂಪಿನಿಂದ ದೂರ ನಿಲ್ಲುತ್ತಿದ್ದರು. ಬಾಯಿ ಪಾತ್ರಕ್ಕೆ ಒಗ್ಗಿಕೊಂಡಿತ್ತು, ಕಾಲು ಒಗ್ಗಿರಲಿಲ್ಲ.

ಇದನ್ನು ಓದಿದಾಗ ನಾನು ಎದ್ದು ಓಡಾಡಿಬಿಟ್ಟೆ. ನಮ್ಮ ಊರಿನ ಸ್ತ್ರೀವೇಷದವರು ಆಯುಷ್ಯವೆಲ್ಲ ತೇಯ್ದದ್ದು ಇದೇ ಒಂದು ವಿಷಯಕ್ಕೆ. ಸೀರೆ, ಸವರಿ, ಕಣ್ಣುಕಪ್ಪು ಇವೆಲ್ಲ ಒಂದು ಗಂಟೆಯ ಕೆಲಸ. ನಡಿಗೆ ಹಾಗಲ್ಲ. ಗಂಡುಕಲಾವಿದನ ಮೈಗೆ ಅಭಿಮನ್ಯು, ಬಭ್ರುವಾಹನರ ಹುಮ್ಮಸ್ಸು ಬೇಗ ಹತ್ತುತ್ತದೆ, ದಿಗಿಣ ಹಾಕೆಂದರೆ ಹುಡುಗರು ರಂಗಸ್ಥಳ ಅದುರುವಂತೆ ಸುತ್ತು ಹಾರುತ್ತಾರೆ. ಅದೇ ಹುಡುಗನಿಗೆ ಸುಭದ್ರೆಯ ವೇಷ ಬಂದರೆ ಹಾರುವ ಕಾಲನ್ನು ಹಿಡಿದು ನಿಲ್ಲಿಸುವುದೇ ದೊಡ್ಡ ಪಾಠ. ಹೆಗಲು ಇಳಿಯಬೇಕು, ಮೊಣಕೈ ಮೈಗೆ ಹತ್ತಿರ ಬರಬೇಕು, ಹೆಜ್ಜೆ ಚಿಕ್ಕದಾಗಬೇಕು. ತಿರುಗುವಾಗ ಮೊದಲು ಕಣ್ಣು, ಹಿಂದೆ ಕತ್ತು, ಆಮೇಲೆ ಮೈ. ನಿಂತಲ್ಲಿ ಸುಮ್ಮನೆ ನಿಲ್ಲುವುದೂ ಕಲಿಯಬೇಕಾದ ವಿದ್ಯೆ. ನಮ್ಮೂರಿನ ಒಬ್ಬ ಕಲಾವಿದರು ಮಡಲಿನ ಹೊರೆ ಹೊತ್ತು ಹೋಗುವ ಹೆಂಗಸರ ಹಿಂದೆ ದೂರದಲ್ಲಿ ನಡೆದು, ಅವರ ಹಿಮ್ಮಡಿ ನೆಲಕ್ಕೆ ತಾಗುವ ರೀತಿ ನೋಡಿ ಕಲಿತೆ ಎನ್ನುತ್ತಿದ್ದರು. ಶತಾವಧಾನಿ ಆರ್. ಗಣೇಶರ ಜತೆಗೂಡಿ ಮಂಟಪ ಪ್ರಭಾಕರ ಉಪಾಧ್ಯರು ರಂಗಕ್ಕೆ ತಂದ ಏಕವ್ಯಕ್ತಿ ಯಕ್ಷಗಾನ 'ಭಾಮಿನಿ'ಯಲ್ಲಿ ಒಬ್ಬರೇ ಎಂಟು ನಾಯಿಕೆಯರ ಮನಸ್ಸನ್ನು ತೋರಿಸುತ್ತಾರೆ. ಅದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಈಗ ಮಹಿಳಾ ಮೇಳಗಳೂ ಬಂದಿವೆ. ಹೆಣ್ಣುಮಕ್ಕಳು ಕೇದಗೆ ಮುಂದಲೆ ಎಂಬ ತಲೆವೇಷ ಕಟ್ಟಿ, ಮೀಸೆ ಬರೆದುಕೊಂಡು, ಇಷ್ಟು ವರ್ಷ ಅಡಗಿಸಿಟ್ಟ ಹಾರಾಟವನ್ನೆಲ್ಲ ಕಾಲಿಗೆ ತಂದುಕೊಂಡು ದಿಗಿಣ ಹಾಕುವುದನ್ನು ನೋಡುವಾಗ ನನ್ನ ಕಣ್ಣು ತುಂಬುತ್ತದೆ. ಇನ್ನೊಬ್ಬರ ನಡಿಗೆ ಕಲಿಯುವುದು ಅವರನ್ನು ಗೌರವಿಸುವ ದಾರಿಗಳಲ್ಲಿ ಬಹಳ ದೊಡ್ಡದು. ಮೊಬೈಲಿನ ಆಟ ಹೆಣ್ಣಿನ ರೂಪವನ್ನು ಪುಕ್ಕಟೆ ಕೊಡುತ್ತದೆ, ನಡಿಗೆಯನ್ನು ಮಾತ್ರ ಕಲಿಸುವುದಿಲ್ಲ. ಅದರಲ್ಲಿ ನನಗೆ ಕಾಣುವ ಕೊರತೆ ಇದೊಂದೇ.

ನಡಿಗೆ ಅಂದೆನಲ್ಲ, ಬೃಹನ್ನಳೆ ನೆನಪಾಗುತ್ತಾಳೆ. ಮಳೆ ಹಿಂದಾದರೆ ವಿರಾಟಪರ್ವ ಓದಿಸುವ ರೂಢಿ ನಮ್ಮಲ್ಲಿದೆ, ಹಾಗಾಗಿ ಆ ಕಥೆ ನಮಗೆಲ್ಲ ಬಾಯಿಪಾಠ. ಗಾಂಡೀವದ ಹೆದೆ ಉಜ್ಜಿ ತೋಳಿಗೆ ಬಿದ್ದ ಕಲೆಗಳನ್ನು ಮುಚ್ಚಲು ಅರ್ಜುನ ಬಳೆ ತೊಟ್ಟು ಬೃಹನ್ನಳೆಯಾದ. ವರ್ಷವೆಲ್ಲ ವಿರಾಟನ ಅರಮನೆಯಲ್ಲಿ ಹೆಣ್ಣುಮಕ್ಕಳಿಗೆ ಹಾಡು ಕುಣಿತ ಕಲಿಸಿದ, ಒಬ್ಬರಿಗೂ ಅನುಮಾನ ಬರಲಿಲ್ಲ. ಅವನು ಸಿಕ್ಕಿಬಿದ್ದದ್ದು ಓಡಿದಾಗ. ಹೆದರಿ ರಥ ಬಿಟ್ಟು ಓಡುವ ಉತ್ತರಕುಮಾರನನ್ನು ಹಿಡಿಯಲು ಜಡೆ ಹಾರಿಸಿಕೊಂಡು ಹಿಂದೆ ಓಡಿದ ಬೃಹನ್ನಳೆಯನ್ನು ನೋಡಿ ಕೌರವರ ಸೈನಿಕರು ನಕ್ಕರು. ನೋಡಬಲ್ಲವರು ಮಾತ್ರ ಆ ಕತ್ತು, ಆ ತೋಳು, ಆ ನಡೆ ಅರ್ಜುನನದಲ್ಲದೆ ಇನ್ನಾರದು ಅಂದರು. ಸಂಶೋಧಕರು ಆಟದ ದಾಖಲೆಯಲ್ಲಿ ಹುಡುಕಿ ತೆಗೆದದ್ದು ವ್ಯಾಸರಿಗೆ ಆಗಲೇ ಗೊತ್ತಿತ್ತು.

ಆದರೆ ಅದೇ ಕಥೆಯಲ್ಲಿ ನನಗೆ ಯುದ್ಧಕ್ಕಿಂತ ಹೆಚ್ಚು ಪ್ರಿಯವಾದದ್ದು ಒಂದಿದೆ. ಬೃಹನ್ನಳೆ ರಥ ಏರುವಾಗ ವಿರಾಟನ ಮಗಳು ಉತ್ತರೆ ಮತ್ತವಳ ಗೆಳತಿಯರು ಓಡಿಬಂದು, ಭೀಷ್ಮ ದ್ರೋಣರನ್ನು ಗೆದ್ದರೆ ಅವರ ನುಣುಪಾದ ಬಟ್ಟೆಗಳನ್ನು ನಮ್ಮ ಬೊಂಬೆಗಳಿಗೆ ತಂದುಕೊಡು ಎಂದು ಕೇಳುತ್ತಾರೆ. ಯುದ್ಧದಲ್ಲಿ ಸಮ್ಮೋಹನಾಸ್ತ್ರಕ್ಕೆ ಕೌರವರು ಮೈಮರೆತು ಬಿದ್ದಾಗ ಅರ್ಜುನನಿಗೆ ಆ ಮಾತು ನೆನಪಾಗುತ್ತದೆ. ದ್ರೋಣ ಕೃಪರ ಬಿಳಿ ವಸ್ತ್ರ, ಕರ್ಣನ ಹಳದಿ, ಅಶ್ವತ್ಥಾಮ ದುರ್ಯೋಧನರ ನೀಲಿ ಎಂದು ಬಣ್ಣ ಹೇಳಿ ತರಲು ಉತ್ತರನನ್ನು ಕಳಿಸುತ್ತಾನೆ. ಭೀಷ್ಮರಿಗೆ ಎಚ್ಚರವಿದೆ, ಜೋಪಾನವಾಗಿ ಹೋಗು ಎಂದೂ ಹೇಳುತ್ತಾನೆ. ಒಂದು ಸೈನ್ಯವನ್ನೇ ಗೆದ್ದ ಗಂಡಸು ಬೊಂಬೆಯ ಸೀರೆಗೆ ಬಣ್ಣ ನೋಡುತ್ತಾನೆ! ಮಹಾಭಾರತದಲ್ಲಿ ಅರ್ಜುನ ನನಗೆ ಇಷ್ಟು ಹತ್ತಿರವಾಗುವ ಜಾಗ ಇನ್ನೊಂದಿಲ್ಲ.

ಈ ಬೊಂಬೆಯ ಮಾತು ನೆನೆಯುತ್ತಲೇ ತಮ್ಮನ ಮಗನ ರೂಮಿಗೆ ಹೋಗಿ, ನಿನ್ನ ಆ ಹುಡುಗಿಯನ್ನು ನನಗೂ ತೋರಿಸು ಎಂದೆ. ಮೊದಲು ಸಂಕೋಚಪಟ್ಟ. ಆಮೇಲೆ, "ಅತ್ತೆ, ಗಂಡು ಕ್ಯಾರೆಕ್ಟರ್‌ಗೆ ಹಾಕೋಕೆ ಏನಿದೆ ಹೇಳಿ, ಅದೇ ಪ್ಯಾಂಟು, ಅದೇ ಜಾಕೆಟ್ಟು" ಎಂದು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಬೆರಳಲ್ಲಿ ಅವಳನ್ನು ತಿರುಗಿಸಿ ಬೆನ್ನ ಕಡೆ ನೋಡಿದ. ಕೂದಲು ಮುಚ್ಚುತ್ತದೆ ಎಂದು ಟೋಪಿ ತೆಗೆದ, ಬೂಟಿನ ಬಣ್ಣ ಹೊಂದುವುದಿಲ್ಲ ಎಂದು ಇನ್ನೊಂದು ತೊಡಿಸಿ, ಸ್ವಲ್ಪ ದೂರ ಹಿಡಿದು ನೋಡಿದ. ಆ ಹಿಡಿದು ನೋಡುವ ರೀತಿ ನನಗೆ ಚೆನ್ನಾಗಿ ಗೊತ್ತು. ನಾನು ಮದುವೆಯಾಗಿ ಮೈಸೂರಿಗೆ ಬಂದಾಗ ನವರಾತ್ರಿಗೆ ಅತ್ತೆಯವರು ಪೆಟ್ಟಿಗೆಯಿಂದ ರಾಜ ರಾಣಿಯರ ಪಟ್ಟದ ಬೊಂಬೆ ತೆಗೆದು, ರಾಣಿಗೆ ರೇಷ್ಮೆ ಸುತ್ತಿ ನೆರಿಗೆ ಹಿಡಿದು, ಹೀಗೇ ದೂರ ಹಿಡಿದು ನೋಡುತ್ತಿದ್ದರು. ಆ ಹೊತ್ತಿಗೆ ಮನೆಯ ಗಂಡುಮಕ್ಕಳು ಹಲಗೆ ಜೋಡಿಸಿ, ದೀಪದ ಸರ ಎಳೆದು, ಚರ್‌ಪಿನ ತಿಂಡಿಗೆ ಕಾಯುತ್ತಾ ಹೊರಗೆ ಕೂತಿರುತ್ತಿದ್ದರು. ಬೊಂಬೆ ಮುಟ್ಟುವ ಕೆಲಸ ಅವರದಾಗಿರಲಿಲ್ಲ.

ನಾವು ಗಂಡುಹುಡುಗರಿಗೆ ಕಾರು ಕೊಟ್ಟೆವು, ಬಂದೂಕು ಕೊಟ್ಟೆವು, ಬ್ಯಾಟು ಕೊಟ್ಟೆವು. ಎತ್ತಿಕೊಳ್ಳಲು, ತಲೆ ಬಾಚಲು, ಬಟ್ಟೆ ಬದಲಿಸಲು ಒಂದು ಬೊಂಬೆ ಕೊಡಲಿಲ್ಲ. ಐದನೇ ವಯಸ್ಸಿನಲ್ಲಿ ಕೈತಪ್ಪಿದ್ದನ್ನು ಅವರು ಹದಿನೈದಕ್ಕೆ, ಇಪ್ಪತ್ತೈದಕ್ಕೆ, ಬಂದೂಕಿನ ಆಟದೊಳಗೇ ಹುಡುಕಿ ತೆಗೆದಿದ್ದಾರೆ. ಹೆಣ್ಣುಪಾತ್ರ ಆರಿಸುವ ಎಲ್ಲರಿಗೂ ಇದೇ ಕಾರಣ ಎನ್ನುವುದಿಲ್ಲ. ಬಹಳ ಮಂದಿಗೆ ಇದೂ ಒಂದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಒಬ್ಬರನ್ನು ಸಿಂಗರಿಸಿ, ಕಾಪಾಡಿ, ಬಿದ್ದರೆ ಎತ್ತಿ ನಿಲ್ಲಿಸುವ ಆಸೆ ಹೆಣ್ಣುಮಕ್ಕಳಿಗೆ ಮಾತ್ರ ಎಂದು ಬರೆದುಕೊಟ್ಟವರು ಯಾರು?

ನವರಾತ್ರಿ ಬರುತ್ತದೆ. ಬೊಂಬೆ ಕೂರಿಸುವ ಮನೆಯವರಲ್ಲಿ ನನ್ನದೊಂದು ಕೇಳಿಕೆ. ಪೆಟ್ಟಿಗೆ ತೆರೆಯುವ ದಿನ ಗಂಡುಹುಡುಗರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ರಾಜನಿಗೆ ಪೇಟ ಸುತ್ತುವ, ರಾಣಿಗೆ ನೆರಿಗೆ ಹಿಡಿಯುವ ಕೆಲಸ ಅವರ ಕೈಗೂ ಕೊಡಿ. ಅವನಿಗೆ ರಾಜ, ಅವಳಿಗೆ ರಾಣಿ ಎಂದು ಹಂಚಬೇಡಿ. ಯಾರಿಗೆ ಯಾವ ಬೊಂಬೆ ಬೇಕೋ ಅದನ್ನು ಅವರೇ ಎತ್ತಿಕೊಳ್ಳಲಿ.